ಪೂರ್ತಿ ಕಲಿಯಲಿ ಎಂದು ಕಾಯಬೇಡಿ, ಕೆಲಸದ ಜಾಗದಲ್ಲೇ ಕಲಿಸಿ

ಬೌದ್ಧಿಕ ಅಂಗವೈಕಲ್ಯ, ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವವರಿಗೆ ಶಾಲೆ ಮುಗಿದ ಮೇಲೆ ಏನು? ಒಂದು ತರಬೇತಿ, ಅದು ಮುಗಿದರೆ ಇನ್ನೊಂದು. 'ಇನ್ನೂ ರೆಡಿ ಆಗಿಲ್ಲ' ಎನ್ನುತ್ತಲೇ ಮೂವತ್ತು ವರ್ಷ ದಾಟಿಬಿಡುತ್ತದೆ. ಇದನ್ನು ತಿರುವಿ ಹಾಕಿ. ಮೊದಲು ಕೆಲಸ, ಆಮೇಲೆ ಆ ಜಾಗದಲ್ಲೇ ತರಬೇತಿ. ಇದಕ್ಕೆ ಬೆಂಬಲಿತ ಉದ್ಯೋಗ ಎನ್ನುತ್ತಾರೆ. ಕಾರಣ ಸರಳ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಇವರಲ್ಲಿ ಅನೇಕರಿಗೆ ಕಷ್ಟ. ತರಬೇತಿ ಕೇಂದ್ರದ ಮೇಜಿನ ಮೇಲೆ ಟವೆಲ್ ಚೆನ್ನಾಗಿ ಮಡಚುವವರು, ಲಾಂಡ್ರಿಯಲ್ಲಿ ಯಂತ್ರದ ಸದ್ದು, ಬೇರೆ ಅಳತೆಯ ಟವೆಲ್ ಎದುರಾದಾಗ ಗಾಬರಿಯಾಗಬಹುದು.

ಕೆಲಸ ಹುಡುಕುವ ಮೊದಲು ಎರಡು ಮೂರು ವಾರ ಅವರನ್ನು ಸುಮ್ನೆ ನೋಡಿ, ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಯಾರೂ ಹೇಳದೆ ಅವರು ಏನು ಮಾಡುತ್ತಾರೆ? ಯಾವ ಹೊತ್ತಿಗೆ ಸುಸ್ತಾಗುತ್ತಾರೆ? ಯಾವ ಸದ್ದು ಅವರಿಗೆ ಆಗುವುದಿಲ್ಲ? ಅವರನ್ನೇ ಕೇಳಿ. ಮಾತು ಬಾರದಿದ್ದರೆ ಮೂರು ನಾಲ್ಕು ಕೆಲಸದ ಜಾಗಗಳಿಗೆ ಕರೆದುಕೊಂಡು ಹೋಗಿ, ಎಲ್ಲಿಂದ ಹೊರಡಲು ಅವರಿಗೆ ಮನಸ್ಸಾಗುವುದಿಲ್ಲ ಎಂದು ಗಮನಿಸಿ.

ಆಮೇಲೆ ಕೆಲಸ ಹುಡುಕುವುದು. 'ಖಾಲಿ ಇದೆಯಾ' ಎಂದು ಕೇಳಿದರೆ 'ಇಲ್ಲ' ಎಂದೇ ಹೇಳುತ್ತಾರೆ. ಅದರ ಬದಲು ಅಲ್ಲಿ ಯಾವ ಕೆಲಸ ದಿನವೂ ಬಾಕಿ ಉಳಿಯುತ್ತದೆ ನೋಡಿ. ಹಳೆಯ ಕಡತಗಳ ಸ್ಕ್ಯಾನಿಂಗ್, ಔಷಧದ ಪೆಟ್ಟಿಗೆಗಳ ಅವಧಿ ಮುಗಿದಿದೆಯೇ ಎಂದು ನೋಡುವುದು, ಇಂಥವನ್ನು ಬಿಡಿಸಿಕೊಂಡು ಒಬ್ಬರ ಕೆಲಸವಾಗಿ ಮಾಡಬಹುದು. ದಯೆಯ ಮಾತು ಬೇಡ, ಸಂಬಳ ಕೇಳಿ. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಹೇಳುತ್ತದೆ.

ಈಗ ಕಲಿಸುವುದು. ಎಲ್ಲಕ್ಕಿಂತ ಜಾಸ್ತಿ ತಾಳ್ಮೆ ಬೇಕಾಗುವುದು ಇಲ್ಲೇ. ಮೊದಲು ಆ ಕೆಲಸವನ್ನು ನೀವೇ ಮಾಡಿ, ಕೈಯ ಒಂದೊಂದು ಚಲನೆಯನ್ನೂ ಬರೆದುಕೊಳ್ಳಿ. ನಮಗೆ ಒಂದೇ ಕೆಲಸ ಅನ್ನಿಸುವುದರಲ್ಲಿ ಹನ್ನೆರಡು ಹೆಜ್ಜೆ ಇರುತ್ತವೆ. ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ 1970ರ ದಶಕದಲ್ಲಿ ಇದನ್ನೇ ಮಾಡಿ ತೋರಿಸಿದರು. ಇವರಿಂದ ಏನೂ ಆಗದು ಎಂದು ಜನ ಕೈಬಿಟ್ಟಿದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಭಾಗದ ಯಾವ ಬದಿ ಮೇಲೆ ಬರಬೇಕೋ ಅದಕ್ಕೆ ಬಣ್ಣ ಹಚ್ಚಿದ್ದು ಕಲಿಕೆಯನ್ನು ಎಷ್ಟೋ ಸುಲಭ ಮಾಡಿತು. ಅಂದರೆ ಕಲಿಯದಿದ್ದರೆ ಕಲಿಸುವ ರೀತಿ ಬದಲಾಗಬೇಕು, ಅಲ್ವಾ?

ಕೊನೆಯ ಹೆಜ್ಜೆಯಿಂದ ಶುರು ಮಾಡಿ ನೋಡಿ. ಉಳಿದದ್ದೆಲ್ಲ ನೀವು ಮಾಡಿ, ಕೊನೆಯದನ್ನು ಅವರಿಗೆ ಬಿಡಿ. ಕೆಲಸ ಮುಗಿಸಿದ ಖುಷಿ ಮೊದಲ ದಿನದಿಂದಲೇ ಅವರದಾಗುತ್ತದೆ. ತಡವರಿಸಿದರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆಮೇಲೆ ಬೆರಳು ತೋರಿಸಿ, ಅದೂ ಸಾಲದಿದ್ದರೆ ಮಾಡಿ ತೋರಿಸಿ, ಕೊನೆಗೆ ಅವರು ಒಪ್ಪಿದರೆ ಮಾತ್ರ ಕೈ ಹಿಡಿದು ಮಾಡಿಸಿ. 'ಹೂಂ, ಮುಂದೆ, ಮುಂದೆ' ಎನ್ನುತ್ತಾ ನಿಲ್ಲಬೇಡಿ. ಹಾಗೆ ಮಾಡಿದರೆ ನಿಮ್ಮ ದನಿಯೂ ಕೆಲಸದ ಒಂದು ಭಾಗವಾಗಿಬಿಡುತ್ತದೆ, ನೀವು ಸುಮ್ಮನಾದ ದಿನ ಕೈಯೂ ನಿಲ್ಲುತ್ತದೆ.

ಜೊತೆಗಿರುವ ತರಬೇತುದಾರರು, ಅಂದರೆ ಜಾಬ್ ಕೋಚ್, ಬಂದ ದಿನದಿಂದಲೇ ಹಿಂದೆ ಸರಿಯುವ ಲೆಕ್ಕ ಹಾಕಬೇಕು. ಮೊದಲು ಪಕ್ಕದಲ್ಲಿ, ಆಮೇಲೆ ಕೋಣೆಯ ಆ ಬದಿಯಲ್ಲಿ, ಆಮೇಲೆ ವಾರಕ್ಕೊಮ್ಮೆ. ಅನುಮಾನ ಬಂದಾಗ ಕೇಳಲು ಅಲ್ಲಿಯೇ ಒಬ್ಬ ಸಹೋದ್ಯೋಗಿ ಇರಲಿ. 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಶುರುವಾದ ಪ್ರಾಜೆಕ್ಟ್ ಸರ್ಚ್ ಎಂಬ ತರಬೇತಿ ಕಾರ್ಯಕ್ರಮದಲ್ಲಿ ಇಂಥ ಯುವಜನರು ಆಸ್ಪತ್ರೆಯ ಬೇರೆ ಬೇರೆ ವಿಭಾಗಗಳಲ್ಲಿ, ಅಲ್ಲಿನ ಸಿಬ್ಬಂದಿಯ ನಡುವೆಯೇ ಕೆಲಸ ಕಲಿತರು. ಅದು ಈಗ ಹಲವು ದೇಶಗಳಿಗೆ ಹಬ್ಬಿದೆ.

ಒಂದು ಮಾತು. ಇವರು ದೊಡ್ಡವರು. ಕೆಲಸದ ಜಾಗದಲ್ಲಿ ಯಾರೂ 'ಪಾಪ', 'ಮಗು' ಎನ್ನದಂತೆ ನೋಡಿಕೊಳ್ಳಿ, ನೀವೂ ಎನ್ನಬೇಡಿ.

ಬಸ್ ಹಿಡಿಯುವುದು, ಊಟದ ವಿರಾಮದಿಂದ ಸಮಯಕ್ಕೆ ವಾಪಸ್ ಬರುವುದು, ಹುಷಾರಿಲ್ಲದಾಗ ಫೋನ್ ಮಾಡಿ ತಿಳಿಸುವುದು, ಇವನ್ನೂ ಹಾಗೆಯೇ ಹೆಜ್ಜೆ ಹೆಜ್ಜೆಯಾಗಿ ಕಲಿಸಿ. ಕೆಲಸ ಚೆನ್ನಾಗಿ ಬಂದರೂ ಈ ಸುತ್ತಲಿನ ವಿಷಯಗಳಲ್ಲಿ ಎಡವಿ ನೌಕರಿ ಹೋಗಬಹುದು. ಮೇಲ್ವಿಚಾರಕರು ಬದಲಾದಾಗ, ಹೊಸ ಯಂತ್ರ ಬಂದಾಗ ಕೋಚ್ ಎರಡು ದಿನ ಮತ್ತೆ ಬರಲಿ. ಆರು ತಿಂಗಳಾದ ಮೇಲೆ ಈ ಕೆಲಸ ಇಷ್ಟವಾ, ಬೇರೆ ಬೇಕಾ ಎಂದು ಅವರನ್ನೇ ಕೇಳಿ. ಬೇರೆ ಬೇಕು ಎಂದರೆ ಆ ನೋಟ್‌ಬುಕ್ ಮತ್ತೆ ತೆಗೆಯಿರಿ.