ಪತ್ತನಾಜೆಗೆ ಮುಂಚೆ ಕುರುಡಿ ಮೀನಿಗೆ ಗಾಳ: ನನ್ನ ಅನುಭವ

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ, ಹಂಗಾರಕಟ್ಟೆ ಕಡೆಯ ಹಿನ್ನೀರಿನಲ್ಲಿ ಸೀಬಾಸ್ ಹಿಡಿಯಲು ಒಳ್ಳೆಯ ಕಾಲ ಯಾವುದು ಎಂದು ಗಾಳ ಹಿಡಿದ ಹೊಸಬರು ಕೇಳುತ್ತಿರುತ್ತಾರೆ. ವಿಷು ಹಬ್ಬ ಕಳೆದ ಮೇಲೆ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ಒಳಗೆ ಎನ್ನುತ್ತೇನೆ. ಅಂದರೆ ಏಪ್ರಿಲ್ ಮಧ್ಯದಿಂದ ಮೇ 24-25ರ ತನಕ. ನಮ್ಮಲ್ಲಿ ಕುರುಡಿ ಎನ್ನುವುದು, ಗಾಳದ ಹುಡುಗರು ಬಾರಾಮುಂಡಿ ಎನ್ನುವುದು, ಹೋಟೆಲಿನವರು ಸೀಬಾಸ್ ಎಂದು ಬರೆಯುವುದು ಎಲ್ಲ ಇದೇ ಮೀನು. ಮಳೆ ಹಿಡಿದ ಮೇಲೆ ಅದು ಮೊಟ್ಟೆ ಬಿಡುತ್ತದೆ. ಅದಕ್ಕೆ ಮುಂಚಿನ ಈ ಐದಾರು ವಾರ ಚೆನ್ನಾಗಿ ತಿಂದು ಮೈ ತುಂಬಿಕೊಳ್ಳುತ್ತ ಮೇಲಿನ ಹೊಳೆಯಿಂದ, ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಇಳಿಯುತ್ತದೆ. ಹಸಿದ ಮೀನು, ಒಂದೇ ಕಡೆ ಸೇರುವ ಮೀನು. ಹಿಡಿಯುವುದು ಸುಲಭ ಎನ್ನುವ ಕಾರಣಕ್ಕೇ ಈ ಹೊತ್ತಿನಲ್ಲಿ ನಮ್ಮ ಕೈಗೂ ಒಂದು ಹಿಡಿತ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೀನಿನ ಬದುಕು ಗೊತ್ತಿಲ್ಲದೆ ಜಾಗ ಹುಡುಕಿ ಪ್ರಯೋಜನವಿಲ್ಲ. ಇದು ಹೊಳೆಯಲ್ಲಿ ಬೆಳೆದು ಕಡಲ ಬಾಗಿಲಲ್ಲಿ ಹೆರುವ ಮೀನು. ಮೊಟ್ಟೆ ಒಡೆದು ಮರಿಯಾಗಲು ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಿರುವ ನೀರು ಬೇಕು, ಲೀಟರಿಗೆ ಸುಮಾರು 28ರಿಂದ 32 ಗ್ರಾಂ ಉಪ್ಪು. ಆದರೆ ಮರಿ ಬೆಳೆಯಲು ಬೇಕಾದ್ದು ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡ, ಮಳೆಗೆ ತುಂಬಿ ನಿಂತ ತಗ್ಗು ಜಾಗ. ಎರಡೂ ಹತ್ತಿರ ಹತ್ತಿರ ಸಿಗುವ ಸ್ಥಳ ಅಳಿವೆ ಒಂದೇ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅಲ್ಲಿ ಮೊಟ್ಟೆ ಬಿಟ್ಟರೆ, ಏರುವ ನೀರೇ ಮರಿಗಳನ್ನು ಒಳಗೆ ತಂದು ಸೇರಿಸುತ್ತದೆ. ಸೀತಾ, ಸ್ವರ್ಣಾ ಎರಡೂ ಹೊಳೆಗಳು ಬಂದು ಕಡಲು ಸೇರುವ ಕೋಡಿ ಬೆಂಗ್ರೆ ಅಂಥ ಬಾಗಿಲು. ಗಂಗೊಳ್ಳಿಯೂ ಅಷ್ಟೇ, ಶಾಂಭವಿ-ನಂದಿನಿ ಕೂಡುವ ಸಸಿಹಿತ್ಲು ಮಗ್ಗುಲೂ ಅಷ್ಟೇ, ನೇತ್ರಾವತಿ-ಫಲ್ಗುಣಿ ಸೇರುವ ಮಂಗಳೂರಿನ ಬೆಂಗ್ರೆಯೂ ಅಷ್ಟೇ.

ಇನ್ನೊಂದು ಸಂಗತಿಯನ್ನು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಹೇಳಿದ. ಅದು ನನ್ನ ಗಾಳದ ಕ್ರಮವನ್ನೇ ಬದಲಿಸಿತು. ಕುರುಡಿ ಸಾಮಾನ್ಯವಾಗಿ ಮೊದಲು ಗಂಡು. ಮೂರ್ನಾಲ್ಕು ವರ್ಷಕ್ಕೆ ಗಂಡಾಗಿ ಬಲಿಯುತ್ತದೆ, ಒಂದೆರಡು ಮಳೆಗಾಲ ಗಂಡಾಗಿಯೇ ಅಳಿವೆಗೆ ಬರುತ್ತದೆ, ಆಮೇಲೆ ಆರರಿಂದ ಎಂಟು ವರ್ಷದ ಹೊತ್ತಿಗೆ, ಉದ್ದ 80 ಸೆಂಟಿಮೀಟರ್ ದಾಟುವಾಗ, ಹೆಣ್ಣಾಗುತ್ತದೆ. ಅಂದರೆ ಹೊಳೆಯಲ್ಲಿರುವ ದೊಡ್ಡ ಮೀನು ಎಲ್ಲ ಬಹುತೇಕ ಹೆಣ್ಣೇ. ಒಂದೊಂದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ, ತೀರ ದೊಡ್ಡದಾದರೆ ಕೋಟಿಯ ಲೆಕ್ಕಕ್ಕೂ ಹೋಗುತ್ತದೆ. ಮೇ ತಿಂಗಳಲ್ಲಿ ಒಂದು ಮೀಟರ್ ಉದ್ದದ ಮೀನು ಹಿಡಿದು ಫೋಟೋ ತೆಗೆದು ಮಾರುಕಟ್ಟೆಗೆ ಒಯ್ಯುವುದೆಂದರೆ ಏನೆಂದು ಆಮೇಲೆ ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ನೀರಿನ ವಿಷಯ. ನಮ್ಮಲ್ಲಿ ಸೆಖೆಗಾಲದ ಹಿನ್ನೀರು ಯಾವಾಗಲೂ ಬಿಸಿಯೇ, ಮೇನಲ್ಲಿ 30 ಡಿಗ್ರಿಗೂ ಮೇಲೆ. ಚಳಿ ದೇಶದವರ ಹಾಗೆ ಥರ್ಮಾಮೀಟರ್ ನೋಡಿ ಮೀನು ಹುಡುಕುವ ಅಗತ್ಯ ನಮಗಿಲ್ಲ. ನಾನು ನೋಡುವುದು ಎರಡನ್ನು: ಉಪ್ಪು ಮತ್ತು ಉಬ್ಬರ-ಇಳಿತ. ಏಪ್ರಿಲಿನಲ್ಲಿ ಹೊಳೆಯ ಹರಿವು ಬತ್ತುತ್ತದೆ, ಉಪ್ಪುನೀರು ಕಿಂಡಿ ಅಣೆಕಟ್ಟುಗಳ ಬುಡದವರೆಗೂ ಏರುತ್ತದೆ. ಆಗ ಮೀನು ಎಲ್ಲೆಲ್ಲೂ ಚದುರಿರುತ್ತದೆ: ಕೆಮ್ಮಣ್ಣಿನ ತೂಗುಸೇತುವೆಯ ಮೇಲುಭಾಗ, ಕುದ್ರುಗಳ (ಹೊಳೆಯ ನಡುಗಡ್ಡೆಗಳ) ಹಿಂಬದಿ, ಹಳೆಯ ಸೇತುವೆಯ ಕಂಬಗಳು. ಭರಣಿ, ಕೃತ್ತಿಕೆಯಲ್ಲಿ ಗುಡುಗಿನ ಮಳೆ ಎರಡು ಬಾರಿ ಚೆನ್ನಾಗಿ ಸುರಿದರೆ ಸಾಕು, ಮೇಲಿನಿಂದ ಸಿಹಿನೀರಿನ ತಳ್ಳು ಶುರುವಾಗಿ ದೊಡ್ಡ ಮೀನು ಕೆಳಗೆ ಜಾರುತ್ತದೆ. ಅಂಥ ಮಳೆಯ ಮರುದಿನದಿಂದ ನನ್ನ ಗಮನ ಕೆಳಗಿನ ಕುದ್ರುಗಳ ಕಡೆಗೆ.

ಉಬ್ಬರದ ಲೆಕ್ಕಕ್ಕೆ ಈಗ ಮೊಬೈಲಿನಲ್ಲಿ ಮಲ್ಪೆಯ ವೇಳಾಪಟ್ಟಿ ಸಿಗುತ್ತದೆ. ನನಗೆ ಗೋಡೆಯ ಪಂಚಾಂಗವೇ ಮೊದಲು. ಅಷ್ಟಮಿಯ ಆಸುಪಾಸಿನಲ್ಲಿ ನೀರು ಸೋಮಾರಿ, ಏರುವುದೂ ಕಡಿಮೆ ಇಳಿಯುವುದೂ ಕಡಿಮೆ, ಆ ದಿನ ಮನೆಯ ಕೆಲಸ ಮಾಡಿಕೊಳ್ಳುವುದು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ಮೂರು ದಿನ ನೀರು ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರ ಒಂದೇ ಎತ್ತರದವಲ್ಲ, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡ ಉಬ್ಬರದ ನಂತರದ ಇಳಿತ ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿ ಬಂದರೆ ನಾನು ಯಾವ ಮದುವೆ ಊಟವನ್ನೂ ಬಿಡುತ್ತೇನೆ. ಇನ್ನೊಂದು ನೆನಪಿರಲಿ: ಅಳಿವೆಯಲ್ಲಿ ನೀರು ಇಳಿಯಲು ಶುರುವಾದರೂ ಮೇಲೆ ಕೆಮ್ಮಣ್ಣಿನ ಬದಿಯಲ್ಲಿ ಇನ್ನೂ ಏರುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಕೆಳಗೆ ಗಾಳ ಹಾಕಿ, ಆಮೇಲೆ ದೋಣಿಯನ್ನು ಮೇಲಕ್ಕೆ ತಂದರೆ ಒಂದೇ ಇಳಿತವನ್ನು ಎರಡು ಸಲ ಉಪಯೋಗಿಸಬಹುದು.

ಇಳಿತವೇ ಏಕೆ? ನೀರು ತುಂಬಿದಾಗ ಸಿಗಡಿ, ಚಿಕ್ಕ ಮೀನು ಎಲ್ಲ ಕಾಂಡ್ಲಾ ಬೇರಿನ ಒಳಗೆ ಹೊಕ್ಕು ಕೂತಿರುತ್ತವೆ, ಕುರುಡಿಗೆ ಅಲ್ಲಿ ತಿರುಗಾಡಲು ಜಾಗವಿಲ್ಲ. ನೀರು ಇಳಿಯತೊಡಗಿದರೆ ಅವು ಸಣ್ಣ ಸಣ್ಣ ತೋಡುಗಳಲ್ಲಿ ಜಾರಿ ಹೊಳೆಗೆ ಬರಲೇಬೇಕು. ಕುರುಡಿ ಅಟ್ಟಿಸಿಕೊಂಡು ಹೋಗುವ ಮೀನಲ್ಲ, ಕಾದು ಕೂರುವ ಮೀನು. ತೋಡಿನ ಬಾಯಿಯಿಂದ ಒಂದೆರಡು ಮಾರು ಕೆಳಗೆ, ಹರಿವಿಗೆ ಮೂತಿ ಕೊಟ್ಟು, ಬಿದ್ದ ಮರವೋ ಕಂಬವೋ ಇದ್ದರೆ ಅದರ ನೆರಳಿನಲ್ಲಿ ನಿಂತಿರುತ್ತದೆ. ನೋಡಬೇಕಾದ್ದು ಎರಡು ನೀರು ಕೂಡುವ ಗೆರೆ. ತೋಡಿನಿಂದ ಬರುವ ಕಂದು ನೀರು, ಹೊಳೆಯ ಹಸಿರು ನೀರು ಸೇರುವಲ್ಲಿ ನೊರೆಯ ಒಂದು ಸಾಲು ಕಾಣುತ್ತದೆ. ಇಳಿತದ ಕೊನೆಯ ಎರಡು ಗಂಟೆ ಆ ಸಾಲನ್ನು ಬಿಟ್ಟು ನಾನು ಕದಲುವುದಿಲ್ಲ. ಮರುವಾಯಿ ಚಿಪ್ಪು ಹೆಕ್ಕಲು ಹೆಂಗಸರು ಮರಳ ದಿಣ್ಣೆಗೆ ಇಳಿಯುವ ಹೊತ್ತೇ ನನ್ನ ಗಾಳದ ಹೊತ್ತು. ಅವರು ನಿಂತ ದಿಣ್ಣೆಯ ಅಂಚು ಎಲ್ಲಿ ಆಳಕ್ಕೆ ಇಳಿಯುತ್ತದೆಂದು ಅವರನ್ನೇ ಕೇಳಿ ತಿಳಿದುಕೊಂಡಿದ್ದೇನೆ. ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯದು.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಏಳು ಅಡಿಯ ಮಧ್ಯಮ-ಗಟ್ಟಿ ರಾಡ್, 4000 ಅಳತೆಯ ಸ್ಪಿನ್ನಿಂಗ್ ರೀಲ್, 30 ಪೌಂಡಿನ ಬ್ರೇಡ್ ಲೈನ್, ಅದರ ತುದಿಗೆ ಒಂದು ಮಾರು 50 ಪೌಂಡಿನ ಲೀಡರ್, ಅಂದರೆ ಗಾಳ ಕಟ್ಟುವ ತುಂಡು ದಾರ. ಲೀಡರ್ ದಪ್ಪ ಇರಲೇಬೇಕು. ಈ ಮೀನಿನ ಹಲ್ಲು ಕಚ್ಚಿ ತುಂಡರಿಸುವಂಥದಲ್ಲ, ಮರಳು ಕಾಗದದಂತೆ ಒರಟು, ಉಜ್ಜಿ ಉಜ್ಜಿ ಲೈನ್ ಸವೆಸುತ್ತದೆ. ಕಿವಿರಿನ ಮುಚ್ಚಳವೋ ನಿಜಕ್ಕೂ ಹರಿತ. ಕಂಬಕ್ಕೆ ಅಂಟಿದ ಚಿಪ್ಪುಗಳು ಬೇರೆ. ಲೂರ್, ಅಂದರೆ ಕೃತಕ ಆಮಿಷ, ಒಂದು ಮೀಟರ್ ಆಳಕ್ಕೆ ಇಳಿಯುವ ಬೆರಳುದ್ದದ ಮಿನ್ನೋ (ಚಿಕ್ಕ ಮೀನಿನ ಆಕಾರದ್ದು), ಇಲ್ಲವೇ ಸಿಗಡಿ ಆಕಾರದ ರಬ್ಬರಿನದು. ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿಕೊಳ್ಳುತ್ತೇನೆ. ಜೀವಂತ ಸಿಗಡಿ ಬೇಕೆಂದರೆ ಬೀಸುಬಲೆ ಎರಡು ಸಲ ಬೀಸಿದರೆ ಆಯಿತು, ಆದರೆ ಅದಕ್ಕೆ ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಮಾತ್ರ. ಅದು ಬಾಯಿಯ ಮೂಲೆಯಲ್ಲಿ ಕೂರುತ್ತದೆ, ಹೊಟ್ಟೆಗೆ ಇಳಿಯುವುದು ಅಪರೂಪ. ಲೈಫ್ ಜಾಕೆಟ್ ಹಾಕದೆ ಅಳಿವೆ ಬಾಯಿಗೆ ಹೋಗಬೇಡಿ, ಇಳಿತದ ಸೆಳೆತಕ್ಕೆ ಈಜು ಗೊತ್ತಿದ್ದವರೂ ಸಾಲುವುದಿಲ್ಲ.

ಲೂರ್ ಎಳೆಯುವ ಕೈಗೆ ಒಂದೇ ಗುಟ್ಟು, ನಿಲ್ಲಿಸುವುದು. ನೊರೆ ಸಾಲಿನ ಆಚೆ ಬೀಸಿ, ಎರಡು ಸಲ ರಾಡಿನ ತುದಿ ಕುಟುಕಿಸಿ, ಬಿಟ್ಟುಬಿಡಬೇಕು. ಎರಡು ಮೂರು ಸೆಕೆಂಡ್ ಏನೂ ಮಾಡದೆ ಇರುವುದು ಹೊಸಬರಿಗೆ ಬಹಳ ಕಷ್ಟ. ನನ್ನ ಅನುಭವದಲ್ಲಿ ಹೆಚ್ಚಿನ ಮೀನು ಬಡಿಯುವುದು ಆ ಸುಮ್ಮನಿರುವ ಹೊತ್ತಿನಲ್ಲಿ.

ಹೋದ ಮೇನಲ್ಲಿ ಹುಣ್ಣಿಮೆ ಕಳೆದ ಒಂದು ಸಂಜೆ ನಾನು, ದೋಣಿ ನಡೆಸುವ ಅಣ್ಣ ಇಬ್ಬರೇ ಇದ್ದೆವು. ಕುದ್ರುವಿನ ಹಿಂದಿನ ತೋಡಿನಲ್ಲಿ ನೀರು ಮೊಣಕಾಲಿಗಿಂತ ಕೆಳಗೆ ಇಳಿದಿತ್ತು. ಸಿಗಡಿಗಳು ಬಾಯಿಯ ಹತ್ತಿರ ಬಂದು ಬಂದು ಚಿಮ್ಮುತ್ತಿದ್ದವು. ಒಂದು ಚಿಮ್ಮಿದ ಜಾಗದಲ್ಲಿ ‘ಬ್ಲಪ್’ ಎಂದು ದಪ್ಪ ಸದ್ದು. ಕುರುಡಿ ತಿನ್ನುವುದು ಹಾಗೆ, ದೊಡ್ಡ ಬಾಯಿ ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಸದ್ದಿನ ಮೇಲೆಯೇ ಬೀಸಲಿಲ್ಲ, ಒಂದು ಮಾರು ಮೇಲೆ ಬೀಸಿ ಹರಿವಿಗೆ ಬಿಟ್ಟೆ. ಕುಟುಕು, ಕುಟುಕು, ನಿಲುವು. ಲೈನ್ ಬಿಗಿಯಾದದ್ದಷ್ಟೇ ಗೊತ್ತು, ಮೀನು ಆಗಲೇ ನೀರಿನ ಮೇಲಿತ್ತು. ತಲೆ ಒದರಿದರೆ ಕಿವಿರು ಪಟಪಟ ಎಂದು ಬಡಿಯುವುದು ದೋಣಿಗೆ ಕೇಳುತ್ತಿತ್ತು. ಬಿದ್ದ ಕಾಂಡ್ಲಾ ಮರದ ಕಡೆಗೆ ಅದು ತಿರುಗಿತು. ರೀಲಿನ ಬ್ರೇಕಾದ ಡ್ರ್ಯಾಗ್ ಬಿಗಿ ಮಾಡಿ, ರಾಡನ್ನು ಅಡ್ಡಕ್ಕೆ ಬಾಗಿಸಿ ತಡೆದೆ. ಅಣ್ಣ ಜಲ್ಲದ ಕೋಲು ಊರಿ ದೋಣಿಯನ್ನು ಹೊಳೆಯ ನಡುವಿಗೆ ದೂಡಿದರು. ಅವರ ಆ ಒಂದು ತಳ್ಳು ಇಲ್ಲದಿದ್ದರೆ ಮೀನು ಬೇರಿನೊಳಗೆ ಹೋಗಿಬಿಡುತ್ತಿತ್ತು.

ನಾನು ರಾಡಿನ ಮೇಲೆ 80 ಸೆಂಟಿಮೀಟರಿಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಟ್ಟಿದ್ದೇನೆ. ಮೀನನ್ನು ದೋಣಿಯ ಬದಿಯಲ್ಲಿ ನೀರಿನಲ್ಲೇ ಇಟ್ಟು ರಾಡ್ ಪಕ್ಕಕ್ಕೆ ಹಿಡಿದೆ. ಬಾಲ ಗೆರೆಯಿಂದ ಒಂದು ಗೇಣು ಆಚೆಗಿತ್ತು. ಟಾರ್ಚ್ ಬೆಳಕಿಗೆ ಕಣ್ಣು ಕೆಂಡದ ಬಣ್ಣ, ಹೊಟ್ಟೆ ಎರಡೂ ಬದಿಗೆ ಉಬ್ಬಿ ಮೆತ್ತಗೆ. ಗಾಳ ಬಿಡಿಸಿ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡೆ. ಕಿವಿರು ನಿಧಾನವಾಗಿ ಆಡತೊಡಗಿತು, ಬಾಲ ಬಿಗಿಯಾಯಿತು, ಕೈಗೆ ನೀರು ಹಾರಿಸಿ ಹೋಯಿತು.

“ಹ್ವಾಯ್, ಎಂತ ಮಾಡ್ದ್ರಿ ಮಾರಾಯ್ರೆ! ಅಷ್ಟ್ ದೊಡ್ಡ್ ಮೀನ್ ಬಿಡುದಾ?” ಅಣ್ಣ ಜಲ್ಲ ಕೆಳಗಿಟ್ಟು ಕೇಳಿದರು.

“ಅದು ಮೊಟ್ಟೆ ಮೀನಣ್ಣ. ಇನ್ನು ತಿಂಗಳು ಹೋದರೆ ಇಲ್ಲೇ ಬಾಗಿಲಲ್ಲಿ ಮೊಟ್ಟೆ ಬಿಡುತ್ತದೆ.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಾವು ಹುಡುಗನಾಗಿದ್ದಾಗ ಆಟಿ ತಿಂಗಳಲ್ಲಿ ಬಲೆಗೆ ಬೀಳುತ್ತಿದ್ದ ಕುರುಡಿ ಮರಿಗಳ ವಿಷಯ ತಾವಾಗಿಯೇ ಹೇಳತೊಡಗಿದರು. ಈಗ ಅವರ ದೋಣಿಯಲ್ಲಿ ಬರುವ ಬೇರೆ ಗಾಳದವರಿಗೂ ಆ ಬಿಳಿ ಗೆರೆಯ ಮಾತನ್ನು ಅವರೇ ಹೇಳುತ್ತಾರೆ ಎನ್ನುವುದು ನನಗೆ ತುಂಬ ಸಂತೋಷದ ಸಂಗತಿ.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಸುಸ್ತಾದ ಮೀನು ಚೇತರಿಸಿಕೊಳ್ಳುವುದು ನಿಧಾನ. ಆದ್ದರಿಂದಲೇ ನಾನು ತೆಳು ಲೈನಿನಲ್ಲಿ ಗಂಟೆಗಟ್ಟಲೆ ಆಡಿಸುವ ‘ಸ್ಪೋರ್ಟ್’ ಒಪ್ಪುವುದಿಲ್ಲ. ಗಟ್ಟಿ ಲೈನ್, ಬೇಗ ಮುಗಿಸುವುದು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ಮೈಯ ಲೋಳೆ ಕೀಳುತ್ತದೆ. ದವಡೆಯಿಂದ ನೇರ ತೂಗಾಡಿಸಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ, ಎಂಟು ಹತ್ತು ಕಿಲೋ ಮೀನಿನ ಇಡೀ ಭಾರ ಕುತ್ತಿಗೆಯ ಕೀಲಿನ ಮೇಲೆ ಬೀಳುತ್ತದೆ. ಎತ್ತಲೇಬೇಕಾದರೆ ಇನ್ನೊಂದು ಕೈ ಹೊಟ್ಟೆಯ ಅಡಿಗಿರಲಿ, ನಿಮ್ಮ ಉಸಿರು ಕಟ್ಟಿ ಹಿಡಿದಷ್ಟು ಹೊತ್ತು ಸಾಕು.

ಇದೆಲ್ಲ ಅತಿಯಾಯಿತು ಎನ್ನುವವರಿಗೆ ಒಂದು ಮಾತು. ಇದೇ ಮೀನಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 58 ಸೆಂಟಿಮೀಟರಿಗಿಂತ ಚಿಕ್ಕದನ್ನೂ 120ಕ್ಕಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ, ಪೂರ್ವ ಕರಾವಳಿಯಲ್ಲಿ ಮೊಟ್ಟೆಯ ಕಾಲವಾದ ನವೆಂಬರ್‌ನಿಂದ ಜನವರಿ ಕೊನೆಯ ತನಕ ಹಿಡಿಯುವುದೇ ನಿಷೇಧ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗೆ ಯಾಂತ್ರಿಕ ದೋಣಿ ಇಳಿಯುವಂತಿಲ್ಲ, ಅದು ಒಳ್ಳೆಯದೇ. ಆದರೆ ಹೊಳೆಯಲ್ಲಿ ರಾಡ್ ಹಿಡಿದು ನಿಂತವನಿಗೆ ಅದು ತಾಗುವುದಿಲ್ಲ. ಕುರುಡಿ ಮೇ ತಿಂಗಳಲ್ಲೇ ಬಾಗಿಲಿಗೆ ಬಂದು ನಿಂತಿರುತ್ತದೆ. ಆ ನಡುವಿನ ವಾರಗಳನ್ನು ಕಾಯುವುದು ಗಾಳದವರಾದ ನಮ್ಮದೇ ಕೆಲಸ.

ಹಾಗೆಂದು ನಾನು ಬರಿಗೈಲಿ ಬರುವವನಲ್ಲ. 60-70 ಸೆಂಟಿಮೀಟರಿನ ಮೀನು, ಮೂರು ಕಿಲೋ ಆಸುಪಾಸು, ಒಂದು ಮನೆಗೆ ಧಾರಾಳ. ಒಂದು ಸಿಕ್ಕಿದರೆ ಆ ದಿನ ಗಾಳ ಮಡಚುತ್ತೇನೆ. ತಲೆಗೆ ಹುಳಿ, ತುಂಡಿಗೆ ಮಸಾಲೆ ಹಚ್ಚಿ ಕಾವಲಿಯ ಮೇಲೆ. ಅಮ್ಮ ಇದರ ತಲೆಯ ಪಾಲು ಬೇರೆಯವರಿಗೆ ಕೊಟ್ಟವರಲ್ಲ.

ಪತ್ತನಾಜೆ ಬಂತೆಂದರೆ ನನ್ನ ಅಳಿವೆಯ ಗಾಳ ನಿಲ್ಲುತ್ತದೆ, ಹತ್ತು ಹನಿ ಬೀಳಲಿ ಬಿಡಲಿ. ಆಗ ರೀಲ್ ಬಿಚ್ಚಿ ಉಪ್ಪು ತೊಳೆದು ಎಣ್ಣೆ ಹಾಕಿ ಇಡುತ್ತೇನೆ. ಮತ್ತೆ ಹೋಗುವುದು ಕೆಂಪು ನೀರು ತಿಳಿಯಾದ ಮೇಲೆ, ನವರಾತ್ರಿ ಕಳೆದು. ನಡುವೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಸಿಗಡಿಗೆಂದು ಬೀಸುಬಲೆ ಹಾಕುವವರು ಒಮ್ಮೆ ಬಲೆಯನ್ನು ಕಣ್ಣಿಟ್ಟು ನೋಡಿ. ಕಂದು ಮಚ್ಚೆಯ ಮೈ, ಮೂತಿಯಿಂದ ನೆತ್ತಿಯ ಮೇಲೆ ಬೆನ್ನಿನ ರೆಕ್ಕೆಯವರೆಗೆ ಒಂದು ಬಿಳಿ ಪಟ್ಟೆ ಇರುವ ಬೆರಳುದ್ದದ ಮೀನು ಬಿದ್ದಿದ್ದರೆ ಅದು ಕುರುಡಿ ಮರಿ. ದೊಡ್ಡದಾದ ಮೇಲೆ ಆ ಪಟ್ಟೆ ಇರುವುದಿಲ್ಲವಾದ್ದರಿಂದ ಎಷ್ಟೋ ಜನರಿಗೆ ಗುರುತು ಸಿಗದೆ ಕಸದ ಮೀನಿನ ಜೊತೆ ದಡದಲ್ಲೇ ಸಾಯುತ್ತದೆ. ಬಲೆ ಕೊಡವುವ ಮುಂಚೆ ಅದನ್ನು ಹೆಕ್ಕಿ ತೋಡಿಗೆ ಬಿಡಿ.