ಮನೆಬಳಕೆಯ ವಸ್ತು ಎಲ್ಲಿ ತಯಾರಾಯಿತೆಂದು ತಿಳಿದು ಕೊಳ್ಳುವ ಬಗೆ

ಚಿಕ್ಕಮಗಳೂರಿನ ಪಾತ್ರೆ ಅಂಗಡಿಯಲ್ಲಿ ಕುಕ್ಕರನ್ನೋ ಫ್ಲಾಸ್ಕನ್ನೋ ಕೊಳ್ಳುವವರು, ಅದರಿಂದ ನಮ್ಮವರಿಗೆ ಕೆಲಸ ಸಿಗಬೇಕೆಂದು ಬಯಸಿದರೆ, ಮೊದಲು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. ಪೊಟ್ಟಣ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ, ಆಮದು ಸರಕಿನ ಮೇಲೆ ಆಮದುದಾರರ ಹೆಸರು, ವಿಳಾಸಗಳ ಜೊತೆಗೆ ಮೂಲದೇಶದ ಹೆಸರೂ ಇರಲೇಬೇಕು. 'ಮಾರಾಟಗಾರರು' ಎಂಬ ಸಾಲಿನಲ್ಲಿ ಬೆಂಗಳೂರಿನ ವಿಳಾಸ ಕಂಡ ಮಾತ್ರಕ್ಕೆ ವಸ್ತು ಅಲ್ಲಿಯೇ ತಯಾರಾಯಿತೆಂದು ಭಾವಿಸಬಾರದು. ಬಾರ್‌ಕೋಡ್ 890ರಿಂದ ಆರಂಭವಾದರೆ ಸ್ವದೇಶಿ ಎಂಬ ನಂಬಿಕೆಯಂತೂ ಎಷ್ಟು ಹೇಳಿದರೂ ಹೋಗುವುದಿಲ್ಲ. ಆ ಅಂಕಿಗಳು ಸಂಕೇತವನ್ನು ಭಾರತದ ಸಂಸ್ಥೆಯಿಂದ ಪಡೆಯಲಾಗಿದೆ ಎಂದಷ್ಟೇ ತಿಳಿಸುತ್ತವೆ. ಐಎಸ್‌ಐ ಗುರುತು ಗುಣಮಟ್ಟಕ್ಕೆ ಸಂಬಂಧಿಸಿದ್ದು, ವಿದೇಶಿ ಕಾರ್ಖಾನೆಗಳಿಗೂ ಅದು ದೊರೆಯುತ್ತದೆ.

ಸಂತೆಯಲ್ಲಿ ಮೇದರಿಂದ ನೇರವಾಗಿ ಮೊರ, ಬುಟ್ಟಿ ಕೊಳ್ಳುವಾಗ ಈ ತಾಪತ್ರಯವಿಲ್ಲ, ಹೆಣೆದವರನ್ನೇ ಕೇಳಬಹುದು. ಮೊರದ ಅಂಚಿನ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕಟ್ಟು ಅಲುಗಾಡಿದರೆ, ಅಥವಾ ಬೆಳಕಿಗೆ ಹಿಡಿದಾಗ ಬಿದಿರ ಸೀಳುಗಳ ನಡುವೆ ರಾಗಿ ಸೋರುವಷ್ಟು ಸಂದು ಕಂಡರೆ, ಇನ್ನೊಂದನ್ನು ಆರಿಸಿ. ಮಣ್ಣಿನ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ ಎನ್ನಬೇಕು. ಒಡಕು ದನಿ ಬಂದರೆ ಬಿರುಕಿರಬಹುದು. ಕುಕ್ಕರಿಗೆ ಮುದ್ರಿತ ಬೆಲೆಯನ್ನು ಮರುಮಾತಿಲ್ಲದೆ ಕೊಡುವವರು ಇಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಉಚಿತವಲ್ಲ.