ಮೊದಲ ಸ್ಕೂಬಾ ಕಿಟ್: ಮಾಸ್ಕಿನಿಂದ ಶುರು ಮಾಡಿ, ಸಿಲಿಂಡರ್ ಬಿಟ್ಟುಬಿಡಿ

ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಯಿತು. 18 ಮೀಟರ್ ಆಳದವರೆಗೆ ಇಳಿಯಬಹುದು ಎನ್ನುವ ಕಾರ್ಡ್ ಕೈಗೆ ಬಂತು. ಇನ್ನು ಸ್ವಂತ ಕಿಟ್ ಬೇಕು ಅನ್ನಿಸುವುದು ಸಹಜ. ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು 'ಫುಲ್ ಸೆಟ್' ಆಫರ್. ಮಾಸ್ಕ್, ಫಿನ್ಸ್ (ಕಾಲಿನ ರೆಕ್ಕೆ), ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಅಂಗಿ), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಎಲ್ಲವೂ ಒಂದೇ ಬಿಲ್ಲಿನಲ್ಲಿ. ದಯವಿಟ್ಟು ಅದನ್ನು ಕೊಳ್ಳಬೇಡಿ. ಒಂದೊಂದಾಗಿ ಕೊಳ್ಳಿ. ನಿಮ್ಮ ಮೈಗೆ ಸರಿಯಾಗಿ ಕೂರಬೇಕಾದದ್ದು ಮತ್ತು ನಿಮ್ಮ ದೇಹದ ಲೆಕ್ಕ ಇಡುವಂಥದ್ದು ಮೊದಲು ಬರಲಿ. ಉಳಿದದ್ದು ಬಾಡಿಗೆಗೆ ಸಿಗುತ್ತದೆ.

ಈ ಲೇಖನ ನಮ್ಮ ಕಡೆಯ ಡೈವರ್‌ಗಳಿಗಾಗಿ. ಅಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುವವರು, ರಜೆ ಹೊಂದಿದರೆ ಅಂಡಮಾನ್ ಅಥವಾ ಲಕ್ಷದ್ವೀಪಕ್ಕೆ ಹೋಗುವವರು. ಎಲ್ಲ ಕಡೆ ಬೆಚ್ಚಗಿನ ನೀರು, ಹೆಚ್ಚಾಗಿ ದೋಣಿಯಿಂದಲೇ ಇಳಿಯುವುದು, ವರ್ಷಕ್ಕೆ ಒಂದೆರಡು ಟ್ರಿಪ್. ಯುರೋಪಿನ ತಣ್ಣನೆ ನೀರಿಗೆಂದು ಬರೆದ ಪಟ್ಟಿ ನಮಗೆ ಹೊಂದುವುದಿಲ್ಲ.

ಮೊದಲು ಮಾಸ್ಕ್

ಬಾಡಿಗೆ ಮಾಸ್ಕ್ ಯಾರದೋ ಮುಖಕ್ಕೆ ಸರಿಹೋಗುತ್ತದೆ, ನಿಮ್ಮ ಮುಖಕ್ಕೆ ಹೋಗದಿರಬಹುದು. ನೀರು ಸೋರುವ ಮಾಸ್ಕ್ ಹಾಕಿಕೊಂಡರೆ ಇಡೀ ಡೈವ್ ಅದನ್ನು ಖಾಲಿ ಮಾಡುವುದರಲ್ಲೇ ಕಳೆಯುತ್ತದೆ. ಹೊಸಬರಿಗೆ ಗಾಬರಿಯಾಗಲು ಅಷ್ಟೇ ಸಾಕು. ಹಾಗಾಗಿ ಇದಕ್ಕೆ ಸಮಯ ಕೊಡಿ.

ಪರೀಕ್ಷೆ ಹೀಗೆ. ಪಟ್ಟಿಯನ್ನು ತಲೆಗೆ ಹಾಕಬೇಡಿ. ಕೂದಲು ಹಿಂದಕ್ಕೆ ಸರಿಸಿ, ಮಾಸ್ಕನ್ನು ಸುಮ್ನೆ ಮುಖದ ಮೇಲಿಟ್ಟು ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ಅದು ಮುಖದಲ್ಲೇ ನಿಲ್ಲಬೇಕು. ಜೋರಾಗಿ ಎಳೆದರೆ ಯಾವ ಮಾಸ್ಕೂ ಅಂಟಿಕೊಳ್ಳುತ್ತದೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ರೆಗ್ಯುಲೇಟರಿನ ಮೌತ್‌ಪೀಸ್ ಅಥವಾ ಸ್ನಾರ್ಕೆಲ್ ಬಾಯಲ್ಲಿ ಕಚ್ಚಿಕೊಂಡು ಮತ್ತೆ ಅದನ್ನೇ ಮಾಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಎಷ್ಟೋ ಮಾಸ್ಕ್‌ಗಳು ಸೋರುವುದು ಆಗಲೇ. ಮೂರನೆಯದು, ಪಟ್ಟಿ ಹಾಕಿಕೊಂಡು ಐದು ನಿಮಿಷ ಹಾಗೇ ಇರಿ. ಹಣೆಗೆ ಅಥವಾ ಮೂಗಿನ ಮೇಲ್ಭಾಗಕ್ಕೆ ಎಲ್ಲಾದರೂ ಒತ್ತುತ್ತಿದೆಯೇ ನೋಡಿ. ಅಂಗಡಿಯಲ್ಲಿ ಸ್ವಲ್ಪ ಒತ್ತಿದರೆ ನೀರಿನಲ್ಲಿ ಜಾಸ್ತಿಯೇ ನೋಯುತ್ತದೆ.

ಮೂಗನ್ನು ಹೊರಗಿನಿಂದ ಎರಡು ಬೆರಳಲ್ಲಿ ಹಿಡಿಯಲು ಬರಬೇಕು. ಕಿವಿಯ ಒತ್ತಡ ಸರಿಮಾಡುವುದು ಹಾಗೆ ತಾನೇ? ಮೂಗು ಮಾಸ್ಕಿನ ಒಳಗೇ ಇರಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಮಾಸ್ಕಿನೊಳಗಿನ ಗಾಳಿ ಕುಗ್ಗಿ ಮುಖವನ್ನು ಹೀರಿಕೊಳ್ಳತೊಡಗುತ್ತದೆ. ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟರೆ ಸರಿಯಾಗುತ್ತದೆ. ಈಜುವ ಗಾಗಲ್ಸಿನಲ್ಲಿ ಇದು ಸಾಧ್ಯವಿಲ್ಲ, ಕಣ್ಣಿನ ಸಣ್ಣ ರಕ್ತನಾಳಗಳೇ ಒಡೆಯಬಹುದು. ಇಡೀ ಮುಖ ಮುಚ್ಚುವ ಸ್ನಾರ್ಕೆಲಿಂಗ್ ಮಾಸ್ಕ್‌ಗಳೂ ಡೈವಿಂಗಿಗೆ ಆಗಿಬರುವುದಿಲ್ಲ.

ಗಾಜು ಟೆಂಪರ್ಡ್ ಆಗಿರಲಿ. ಅಂಚು ಸಿಲಿಕೋನಿನದಾಗಿರಲಿ. ಒಳಗಿನ ಜಾಗ ಕಡಿಮೆ ಇರುವ ಮಾಸ್ಕ್ ಒಳ್ಳೆಯದು, ನೀರು ಹೊಕ್ಕರೆ ಒಂದೇ ಉಸಿರಿನಲ್ಲಿ ಖಾಲಿ ಮಾಡಬಹುದು. ಪಾರದರ್ಶಕ ಸಿಲಿಕೋನ್ ಕಾಲಕ್ರಮೇಣ ಹಳದಿ ತಿರುಗುತ್ತದೆ. ಕಪ್ಪು ಸಿಲಿಕೋನ್ ಪಕ್ಕದಿಂದ ಬರುವ ಬೆಳಕನ್ನು ತಡೆಯುತ್ತದೆ. ನನಗೆ ಕಪ್ಪೇ ಇಷ್ಟ, ಆದರೆ ಕೆಲವರಿಗೆ ಅದರಲ್ಲಿ ಕತ್ತಲೆಗೆ ಸಿಕ್ಕಿಕೊಂಡಂತೆ ಅನ್ನಿಸುತ್ತದೆ. ಹಾಕಿ ನೋಡಿಯೇ ನಿರ್ಧರಿಸಿ.

ಕನ್ನಡಕ ಹಾಕುವವರು ಚಿಂತೆ ಮಾಡಬೇಕಿಲ್ಲ. ಎರಡು ಗಾಜಿನ ಹಲವು ಮಾಸ್ಕ್‌ಗಳಿಗೆ ಪವರ್ ಇರುವ ಲೆನ್ಸ್ ಸಿದ್ಧವಾಗಿಯೇ ಸಿಗುತ್ತದೆ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಪವರ್ ಕೂಡ ಹಾಕಿಸಬಹುದು. ಹಾಗಾಗಿ ಮಾಸ್ಕ್ ಆರಿಸುವ ಮೊದಲೇ ಆ ಮಾಡೆಲಿಗೆ ಪವರ್ ಲೆನ್ಸ್ ಬರುತ್ತದೆಯೇ ಎಂದು ಕೇಳಿ. ಮೀಸೆ ಇರುವವರು ಮೂಗಿನ ಕೆಳಗೆ ಒಂದು ಗೆರೆಯಷ್ಟು ಟ್ರಿಮ್ ಮಾಡಿಕೊಂಡರೆ ಸೋರುವುದು ಕಡಿಮೆಯಾಗುತ್ತದೆ. ಪೂರ್ತಿ ಬೋಳಿಸಬೇಕಿಲ್ಲ.

ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯಿಂದಲೇ ಬಂದ ಸಿಲಿಕೋನಿನ ತೆಳು ಪದರ ಇರುತ್ತದೆ. ಅದನ್ನು ತೆಗೆಯದಿದ್ದರೆ ಎಷ್ಟು ಉಗುಳಿ ತೊಳೆದರೂ ಮಂಜು ಕಟ್ಟುವುದು ನಿಲ್ಲುವುದಿಲ್ಲ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟನ್ನು ಒಳಬದಿಗೆ ಹಚ್ಚಿ ಬೆರಳಿನಿಂದ ಉಜ್ಜಿ, ತೊಳೆಯಿರಿ. ಎರಡು ಮೂರು ಸಲ ಹೀಗೆ ಮಾಡಿ. ಗಾಜಿಗೆ ಮಂಜು ತಡೆಯುವ ಲೇಪನ ಇದ್ದರೆ ಮಾತ್ರ ಉಜ್ಜಲೇಬಾರದು, ಲೇಪನ ಕಿತ್ತುಹೋಗುತ್ತದೆ.

ಸ್ನಾರ್ಕೆಲಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಾದಾ ಕೊಳವೆ ಸಾಕು.

ಜೊತೆಗೆ ಒಂದು ಬಲೂನು

ಮಾಸ್ಕ್ ಕೊಂಡ ದಿನವೇ ಕೊಳ್ಳಬೇಕಾದ ಇನ್ನೊಂದು ವಸ್ತು ಎಸ್‌ಎಂಬಿ. ಮೇಲೆ ಬರುವಾಗ ಗಾಳಿ ತುಂಬಿ ನೀರಿನ ಮೇಲಕ್ಕೆ ಕಳಿಸುವ ಕಿತ್ತಳೆ ಬಣ್ಣದ ಉದ್ದನೆ ಬಲೂನು ಅದು. ಹೊಸಬರು ಇದನ್ನು ಕೊನೆಗೆ ಇಡುತ್ತಾರೆ, ನನ್ನ ಪ್ರಕಾರ ಅದು ತಪ್ಪು. ನೇತ್ರಾಣಿ ತೀರದಿಂದ ಸುಮಾರು 19 ಕಿಲೋಮೀಟರ್ ಒಳಗಿದೆ. ಅಲೆಗಳ ನಡುವೆ ಒಂದು ತಲೆ ದೋಣಿಯವರಿಗೆ ಕಾಣುವುದು ಬಹಳ ಕಷ್ಟ. ಒಂದು ಮೀಟರಿಗಿಂತ ಎತ್ತರದ ಬಲೂನು ದೂರದಿಂದಲೇ ಕಾಣುತ್ತದೆ. ದಾರ ಸುತ್ತಿದ ಸ್ಪೂಲ್ ಮತ್ತು ಒಂದು ಸೀಟಿಯೂ ಜೊತೆಗಿರಲಿ. ಇವಕ್ಕೆ ಆಗುವ ಖರ್ಚು ಕಿಟ್ಟಿನ ಉಳಿದ ಖರ್ಚಿನ ಮುಂದೆ ಏನೇನೂ ಅಲ್ಲ. ಬಲೂನು ಬಿಡುವುದನ್ನು ಮಾತ್ರ ಇನ್‌ಸ್ಟ್ರಕ್ಟರ್ ಜೊತೆ ಈಜುಕೊಳದಲ್ಲಿ ಕಲಿತುಕೊಳ್ಳಿ. ದಾರ ಮೈಗೆ ಅಥವಾ ಕಿಟ್ಟಿಗೆ ಸಿಕ್ಕಿಕೊಂಡರೆ ಬಲೂನು ನಿಮ್ಮನ್ನೂ ಮೇಲಕ್ಕೆ ಎಳೆದುಬಿಡುತ್ತದೆ.

ಎರಡನೆಯದು ಡೈವ್ ಕಂಪ್ಯೂಟರ್

ಆಳ ಮತ್ತು ಸಮಯ ನೋಡಿಕೊಂಡು ನಿಮ್ಮ ದೇಹದ ಲೆಕ್ಕ ಇಡುವ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸಾಧನ ಇದು. ಇಲ್ಲಿ ಹಣ ಹಾಕಿ. ರೆಗ್ಯುಲೇಟರಿಗಿಂತ ಮೊದಲು ಕಂಪ್ಯೂಟರೇ? ಹೌದು.

ಆಳದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಸೇರಿಕೊಳ್ಳುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎನ್ನುವುದರ ಮೇಲೆ ಅದರ ಪ್ರಮಾಣ ನಿಂತಿದೆ. ಮಿತಿ ಮೀರಿದರೆ ಅಥವಾ ಸರ್ರನೆ ಮೇಲೆ ಬಂದರೆ ಅದು ದೇಹದೊಳಗೇ ಗುಳ್ಳೆಗಳಾಗಿ ಅಪಾಯ ತರುತ್ತದೆ. ಈ ಲೆಕ್ಕ ಪ್ರತಿಯೊಬ್ಬರಿಗೂ ಬೇರೆ. ನಿಮ್ಮ ಜೊತೆಗಾರ ನಿಮಗಿಂತ ಮೂರು ಮೀಟರ್ ಮೇಲೆ ಈಜುತ್ತಿದ್ದರೆ ಅವರ ಲೆಕ್ಕ ನಿಮಗೆ ಆಗುವುದಿಲ್ಲ. ಮೊದಲ ಡೈವಿನಲ್ಲಿ ಸೇರಿದ್ದು ಪೂರ್ತಿ ಹೊರಹೋಗುವ ಮುನ್ನವೇ ಎರಡನೆಯದಕ್ಕೆ ಇಳಿಯುತ್ತೀರಿ. ಆದ್ದರಿಂದ ಟ್ರಿಪ್ ಉದ್ದಕ್ಕೂ ಒಂದೇ ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇರಬೇಕು. ಇವತ್ತು ಒಂದು, ನಾಳೆ ಇನ್ನೊಂದು ಬಾಡಿಗೆಗೆ ತೆಗೆದುಕೊಂಡರೆ ನಿನ್ನೆಯ ಲೆಕ್ಕ ಹೊಸದಕ್ಕೆ ಗೊತ್ತಿರುವುದಿಲ್ಲ, ಅಲ್ವಾ?

ಮೊದಲ ಕಂಪ್ಯೂಟರಿನಲ್ಲಿ ನೋಡಬೇಕಾದದ್ದು ಕೆಲವೇ. ಅಂಕಿಗಳು ದೊಡ್ಡದಾಗಿ ಕಾಣಬೇಕು. ನಲವತ್ತು ದಾಟಿದವರು ಅಂಗಡಿಯಲ್ಲಿ ಕನ್ನಡಕ ತೆಗೆದು ಓದಿ ನೋಡಿ. ಮೇಲೆ ಬರುವ ವೇಗ ಜಾಸ್ತಿಯಾದರೆ ಅದು ಎಚ್ಚರಿಸಬೇಕು. ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪನ್ನು ಎಣಿಸಬೇಕು. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಮೋಡ್ ಇದ್ದರೆ ಮುಂದೆ ಆ ಕೋರ್ಸ್ ಮಾಡಿದಾಗ ಹೊಸದು ಕೊಳ್ಳಬೇಕಾಗಿಲ್ಲ. ಬ್ಯಾಟರಿಯನ್ನು ನೀವೇ ಬದಲಿಸಬಹುದೇ, ಕಂಪನಿಗೇ ಕಳಿಸಬೇಕೇ ಎಂದೂ ಕೇಳಿ. ಬಣ್ಣದ ಪರದೆ, ಸಿಲಿಂಡರಿನ ಒತ್ತಡವನ್ನು ಮಣಿಕಟ್ಟಿನಲ್ಲೇ ತೋರಿಸುವ ಟ್ರಾನ್ಸ್‌ಮಿಟರ್ ಇವೆಲ್ಲ ಚೆನ್ನಾಗಿವೆ, ಆದರೆ ಈಗಲೇ ಬೇಡ. ಸುಂಟೋ, ಮಾರೆಸ್, ಕ್ರೆಸ್ಸಿ ಕಂಪನಿಗಳ ಆರಂಭಿಕ ಮಾಡೆಲ್‌ಗಳಲ್ಲೇ ಬೇಕಾದದ್ದು ಸಿಗುತ್ತದೆ.

ಕರ್ನಾಟಕದ ಡೈವರ್‌ಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎನ್ನುವುದು ಕೋರ್ಸಿನಲ್ಲಿ ಕಲಿತದ್ದೇ. ಕಾರಣ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ಅದೇ ರಾತ್ರಿ ಘಟ್ಟ ಹತ್ತುವ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡವರು ಇದನ್ನು ಯೋಚಿಸಿರುವುದಿಲ್ಲ. ವಿಮಾನದಲ್ಲಿ ಏರಿದರೂ ಬಸ್ಸಿನಲ್ಲಿ ಏರಿದರೂ ದೇಹಕ್ಕೆ ಅದು ಎತ್ತರವೇ. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಹೆಚ್ಚಿನ ಕಂಪ್ಯೂಟರ್‌ಗಳು ವಿಮಾನ ಹತ್ತದೆ ಕಾಯಬೇಕಾದ ಸಮಯವನ್ನು ತೋರಿಸುತ್ತವೆ. ಘಟ್ಟ ಹತ್ತುವ ಮುನ್ನವೂ ಆ ಸಂಖ್ಯೆಯನ್ನು ನೋಡಿ.

ಕಾಲಿಗೆ, ಮೈಗೆ

ಫಿನ್ಸಿನಲ್ಲಿ ಎರಡು ಬಗೆ. ಪಾದ ಪೂರ್ತಿ ಒಳಗೆ ಹೋಗುವ ಶೂ ಥರದ್ದು ಒಂದು. ಹಿಮ್ಮಡಿ ತೆರೆದಿದ್ದು, ಬೂಟಿನ ಮೇಲೆ ಪಟ್ಟಿ ಎಳೆದುಕೊಳ್ಳುವಂಥದ್ದು ಇನ್ನೊಂದು. ದೋಣಿಯಿಂದ ಬೆಚ್ಚಗಿನ ನೀರಿಗೆ ಇಳಿಯುವವರಿಗೆ ಮೊದಲನೆಯದೇ ಸಾಕು, ಹಗುರ ಮತ್ತು ಅಗ್ಗ. ಬರಿಗಾಲಲ್ಲಿ ಹಾಕಿ ನೋಡಿ. ಬೆರಳು ಮಡಚಬಾರದು, ಹಿಮ್ಮಡಿ ಜಾರಬಾರದು. ಬಂಡೆಗಳ ಮೇಲೆ ನಡೆದು ನೀರಿಗಿಳಿಯುವ ಜಾಗಗಳಿಗೆ ಹೋಗುವವರಾದರೆ ಎರಡನೆಯದನ್ನು ಕೊಳ್ಳಿ, ಬೂಟ್ ಹಾಕಿಕೊಂಡೇ ಅಳತೆ ನೋಡಿ. ರಬ್ಬರ್ ಪಟ್ಟಿಗಿಂತ ಸ್ಪ್ರಿಂಗ್ ಪಟ್ಟಿ ಹೆಚ್ಚು ಬಾಳಿಕೆ ಬರುತ್ತದೆ. ಸಿಲಿಂಡರಿಲ್ಲದೆ ಉಸಿರು ಹಿಡಿದು ಇಳಿಯುವ ಫ್ರೀ ಡೈವಿಂಗಿನ ಮಾರುದ್ದದ ಫಿನ್ಸ್ ನೋಡಲು ಚೆಂದ, ಅಭ್ಯಾಸವಿಲ್ಲದ ಕಾಲಿಗೆ ಸ್ನಾಯು ಹಿಡಿದುಕೊಳ್ಳುತ್ತದೆ.

ವೆಟ್‌ಸೂಟ್ ಬೆಚ್ಚಗಿನ ಕಡಲಿಗೂ ಬೇಕೇ ಎಂದು ಕೇಳುವವರಿದ್ದಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಹೀರುತ್ತದೆ. 28 ಡಿಗ್ರಿಯ ನೀರಿನಲ್ಲೂ ಎರಡನೇ ಡೈವಿನ ಹೊತ್ತಿಗೆ ನಡುಕ ಬರಬಹುದು. ಜೆಲ್ಲಿ ಮೀನು ತಾಗುವುದು, ಬಂಡೆಗೆ ಚರ್ಮ ತರಚುವುದು ಬೇರೆ. ಪೂರ್ತಿ ಕೈಕಾಲು ಮುಚ್ಚುವ 3 ಮಿಲಿಮೀಟರ್ ಸೂಟ್ ನಮಗೆ ಸರಿ. ದಪ್ಪ ಜಾಸ್ತಿಯಾದರೆ ತೇಲುವಿಕೆಯೂ ಜಾಸ್ತಿ, ಸೊಂಟಕ್ಕೆ ಹೆಚ್ಚು ತೂಕ ಕಟ್ಟಬೇಕಾಗುತ್ತದೆ. ಹಾಕಿಕೊಂಡಾಗ ಬಿಗಿಯಾಗಿರಲಿ, ಬೆನ್ನಿನ ಕೆಳಗೆ ಮತ್ತು ಕಂಕುಳಲ್ಲಿ ಪೊಳ್ಳು ಇರಬಾರದು. ಕೈ ಎತ್ತಿ, ಕುಕ್ಕರುಗಾಲಲ್ಲಿ ಕೂತು, ದೀರ್ಘ ಉಸಿರು ಎಳೆದು ನೋಡಿ. ಕುತ್ತಿಗೆ ಹಿಸುಕಿದಂತಾದರೆ ಆ ಸೈಜ್ ಬೇಡ. ಹೆಂಗಸರು ಹೆಂಗಸರ ಅಳತೆಯದನ್ನೇ ಕೇಳಿ ಪಡೆಯಿರಿ, ಗಂಡಸರ ಚಿಕ್ಕ ಸೈಜ್ ಅದಕ್ಕೆ ಬದಲಿಯಲ್ಲ.

ರೆಗ್ಯುಲೇಟರ್, ಬಿಸಿಡಿ: ಕಾಯಿರಿ

ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಅಕ್ವಾಲಂಗ್‌ನ ಮೂಲ ತತ್ವವೇ ಇಂದಿನ ರೆಗ್ಯುಲೇಟರಿನಲ್ಲೂ ಇದೆ: ಕೇಳಿದಾಗ ಮಾತ್ರ ಗಾಳಿ, ಅದೂ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ. ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿರುತ್ತದೆ. ಸಿಲಿಂಡರಿಗೆ ಸೇರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ಒತ್ತಡಕ್ಕಿಂತ 10 ಬಾರ್ ಆಸುಪಾಸು ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಉಳಿದದ್ದನ್ನು ಮಾಡುತ್ತದೆ.

ಇಷ್ಟು ಸೂಕ್ಷ್ಮ ಯಂತ್ರಕ್ಕೆ ನಿಯಮಿತ ಸರ್ವಿಸ್ ಬೇಕೇ ಬೇಕು. ಕಂಪನಿ ಹೇಳಿದಂತೆ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಬಳಸದೆ ಇಟ್ಟಿದ್ದರೂ ಸಹ. ಒಳಗಿನ ರಬ್ಬರ್ ಸುಮ್ಮನಿದ್ದರೂ ಹಳತಾಗುತ್ತದೆ. ವರ್ಷಕ್ಕೆ ಒಂದೇ ಟ್ರಿಪ್ ಹೋಗುವವರಿಗೆ ಬಾಡಿಗೆಯೇ ವಾಸಿ. ಕೊಳ್ಳಲೇಬೇಕೆಂದರೆ ಮಾಡೆಲ್ ನೋಡುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಬ್ರ್ಯಾಂಡನ್ನು ನಮ್ಮ ದೇಶದಲ್ಲಿ ಯಾರು ಸರ್ವಿಸ್ ಮಾಡುತ್ತಾರೆ, ಬಿಡಿಭಾಗ ಸಿಗುತ್ತದೆಯೇ? ಉತ್ತರ ತಡವರಿಸಿದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ. ಸಿಲಿಂಡರಿಗೆ ಸೇರುವ ಭಾಗದಲ್ಲೂ ಎರಡು ಬಗೆ, ವಾಲ್ವನ್ನು ಸುತ್ತಿ ಬಿಗಿಯುವ ಯೋಕ್ ಮತ್ತು ವಾಲ್ವಿನೊಳಗೆ ತಿರುಗಿಸಿ ಕೂರಿಸುವ ಡಿನ್. ನೀವು ಹೋಗುವ ಕಡೆ ಯಾವುದಿದೆ ಎಂದು ಮೊದಲೇ ವಿಚಾರಿಸಿ. ಡಿನ್ ಕೊಂಡು ಯೋಕ್ ಅಡಾಪ್ಟರ್ ಜೊತೆಗಿಟ್ಟುಕೊಂಡರೆ ಹೆಚ್ಚಿನ ಕಡೆ ನಡೆಯುತ್ತದೆ.

ಅಲ್ಲಿಯವರೆಗೆ ಒಂದು ಉಪಾಯ. ಸ್ವಂತ ಮೌತ್‌ಪೀಸ್ ಕೊಳ್ಳಿ. ಬಾಡಿಗೆ ರೆಗ್ಯುಲೇಟರಿಗೆ ಅದನ್ನು ಹಾಕಿಕೊಡುವಂತೆ ಡೈವ್ ಸೆಂಟರಿನವರನ್ನು ಕೇಳಬಹುದು, ಒಂದು ಕೇಬಲ್ ಟೈ ಬಿಗಿದರೆ ಕೆಲಸ ಮುಗಿಯಿತು. ನೀರಿಗೆ ಇಳಿಯುವ ಮೊದಲು ಒತ್ತಡದ ಮೀಟರನ್ನೇ ನೋಡುತ್ತಾ ನಾಲ್ಕು ದೊಡ್ಡ ಉಸಿರು ಎಳೆಯಿರಿ. ಮುಳ್ಳು ಅಲುಗಾಡಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆ ಬಂದರೆ ಆ ಸಿಲಿಂಡರ್ ಬೇಡವೆಂದು ಹೇಳಿ. ಹಾಗೆ ಹೇಳಲು ಸಂಕೋಚ ಬೇಡ.

ಬಿಸಿಡಿಯನ್ನು ಹತ್ತಿಪ್ಪತ್ತು ಡೈವ್ ಆದ ಮೇಲೆ ಕೊಳ್ಳಿ. ಜಾಕೆಟ್ ಬಗೆಯದು ನೀರಿನ ಮೇಲೆ ನೆಟ್ಟಗೆ ನಿಲ್ಲಿಸುತ್ತದೆ, ಹೊಸಬರಿಗೆ ಧೈರ್ಯ. ಬೆನ್ನ ಹಿಂದೆ ಗಾಳಿ ತುಂಬುವಂಥದ್ದು ನೀರೊಳಗೆ ಚೆನ್ನ, ಮೇಲೆ ಬಂದಾಗ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಎರಡನ್ನೂ ಬಾಡಿಗೆಗೆ ಬಳಸಿ ನೋಡಿದರೆ ನಿಮಗೆ ಯಾವುದು ಎನ್ನುವುದು ತಾನಾಗಿ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಿರಾದರೆ ಗಾಳಿ ತುಂಬಿ ಒಂದು ರಾತ್ರಿ ಇಟ್ಟು ನೋಡಿ. ಬೆಳಗ್ಗೆ ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ.

ಸಿಲಿಂಡರ್ ಮತ್ತು ಸೀಸದ ತೂಕ ಬೇಡವೇ ಬೇಡ. ಎಲ್ಲ ಡೈವ್ ಸೆಂಟರ್‌ಗಳಲ್ಲೂ ಅವು ಇರುತ್ತವೆ. ಸಿಲಿಂಡರಿಗೆ ಕಾಲಕಾಲಕ್ಕೆ ಒತ್ತಡದ ಪರೀಕ್ಷೆ ಮಾಡಿಸಬೇಕು, ತುಂಬಿದ ಸಿಲಿಂಡರನ್ನು ವಿಮಾನದಲ್ಲಿ ಒಯ್ಯಲು ಬಿಡುವುದೂ ಇಲ್ಲ.

ತಂದ ಮೇಲೆ

ಹೊಸ ವಸ್ತುಗಳನ್ನೆಲ್ಲ ಒಟ್ಟಿಗೆ ಕಡಲಿಗೆ ಒಯ್ಯಬೇಡಿ. ಮೊದಲು ಈಜುಕೊಳದಲ್ಲಿ ಹಾಕಿ ನೋಡಿ. ಹೊಸ ಸೂಟ್ ಬಂದರೆ ತೂಕದ ಲೆಕ್ಕವೂ ಬದಲಾಗುತ್ತದೆ, ಇಳಿಯುವ ಮೊದಲು ಮತ್ತೆ ಪರೀಕ್ಷಿಸಬೇಕು.

ಪ್ರತಿ ಡೈವಿನ ದಿನ ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ ತೊಳೆದು ನೆರಳಿನಲ್ಲಿ ಒಣಗಿಸಿ. ರೆಗ್ಯುಲೇಟರ್ ಇದ್ದರೆ ಫಸ್ಟ್ ಸ್ಟೇಜಿನ ಮುಚ್ಚಳ ಒಣಗಿಸಿ ಹಾಕಿದ ಮೇಲೆಯೇ ನೀರು ತಾಗಿಸಿ, ತೊಳೆಯುವಾಗ ಸೆಕೆಂಡ್ ಸ್ಟೇಜಿನ ಮೇಲಿರುವ, ಒತ್ತಿದರೆ ಗಾಳಿ ನುಗ್ಗಿಸುವ ಪರ್ಜ್ ಗುಂಡಿ ಒತ್ತಬೇಡಿ. ನೇತ್ರಾಣಿಯ ಡೈವಿಂಗ್ ಮಳೆಗಾಲದಲ್ಲಿ ನಿಲ್ಲುತ್ತದೆ, ಸುಮಾರು ಅಕ್ಟೋಬರಿನಲ್ಲಿ ಮತ್ತೆ ಶುರು. ನಡುವಿನ ತಿಂಗಳುಗಳಲ್ಲಿ ಕರಾವಳಿಯ, ಮಲೆನಾಡಿನ ತೇವಕ್ಕೆ ಸಿಲಿಕೋನಿನ ಮೇಲೆ ಕಪ್ಪು ಚುಕ್ಕೆಯ ಬೂಷ್ಟು ಬರುತ್ತದೆ. ಪೂರ್ತಿ ಒಣಗಿಸಿ, ಮಾಸ್ಕನ್ನು ಅದರ ಡಬ್ಬಿಯಲ್ಲಿಟ್ಟು ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸೂಟನ್ನು ಮಡಚದೆ ಅಗಲ ಹ್ಯಾಂಗರಿಗೆ ತೂಗುಹಾಕಿ. ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಬಿಸಿಲಿನ ಕಾವು ರಬ್ಬರನ್ನು ಹಾಳುಮಾಡುತ್ತದೆ. ಸೆಪ್ಟೆಂಬರಿನಲ್ಲಿ ಒಮ್ಮೆ ಎಲ್ಲ ಹೊರತೆಗೆದು ಪಟ್ಟಿಗಳನ್ನು ಎಳೆದು ನೋಡಿ, ಕಂಪ್ಯೂಟರಿನ ಬ್ಯಾಟರಿ ಪರೀಕ್ಷಿಸಿ. ಏನಾದರೂ ಬದಲಿಸಬೇಕಿದ್ದರೆ ತರಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ.